ಉಬುಂಟು 24.04 ಬೀಟಾ: ಒಂದು ವಾರ ತಡವಾಗಿದ್ದೇಕೆ? ಕನ್ನಡಿಗರು ಇದರಲ್ಲಿ ಏನು ನೋಡಬೇಕು?

ಕಿವಿಗಿಂತ ಕಣ್ಣಿಗೇ ಕೆಲಸ ಕೊಡ್ತೀವಿ ಅನ್ನೋರಿಗೆ ಇದು ಕಂತಿನ ಬರಹ ರೂಪ.

ಉಬುಂಟು ಗೊತ್ತಲ್ಲ? ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದ, ದುಡ್ಡು ಕೊಡಬೇಕಿಲ್ಲದ ಲಿನಕ್ಸ್ ಡೆಸ್ಕ್‌ಟಾಪ್. ಅದರ 24.04 ಆವೃತ್ತಿಯ ಬೀಟಾ 2024ರ ಏಪ್ರಿಲ್ 11ಕ್ಕೆ ಹೊರಗೆ ಬಂತು. ಬರಬೇಕಾಗಿದ್ದು ಏಪ್ರಿಲ್ 4ಕ್ಕೆ. ಪೂರ್ಣ ಆವೃತ್ತಿಯ ದಿನಾಂಕ ಬದಲಾಗಲಿಲ್ಲ, ಏಪ್ರಿಲ್ 25ಕ್ಕೇ ಬಂತು. ಈ ಒಂದು ವಾರ ತಡ ಯಾಕಾಯ್ತು ಅನ್ನೋದೇ ಒಂದು ದೊಡ್ಡ ಕಥೆ. ಅದನ್ನು ಹೇಳ್ತೀನಿ. ಆಮೇಲೆ ಬೀಟಾವನ್ನು ನೀವು ಹಾಕಿ ನೋಡಬೇಕಾ, ನೋಡೋದಾದ್ರೆ ಹೇಗೆ, ಅದರಲ್ಲಿ ಕನ್ನಡ ಬಳಸೋರು ಮಾತ್ರ ಹಿಡಿಯಬಹುದಾದ ತಪ್ಪುಗಳು ಯಾವುವು ಅನ್ನೋದಕ್ಕೆ ಬರೋಣ.

ಮೊದಲು ಬೀಟಾ ಅಂದ್ರೇನು ಅನ್ನೋದು ಸ್ಪಷ್ಟವಾಗಲಿ. ಮದುವೆ ಮನೇಲಿ ಪಂಕ್ತಿ ಕೂರೋದಕ್ಕೆ ಸ್ವಲ್ಪ ಮುಂಚೆ ಅಡುಗೆ ಭಟ್ಟರು ಯಾರನ್ನಾದ್ರೂ ಕರೆದು, ಅಂಗೈಗೆ ಒಂದು ಚೂರು ಸಾರು ಹಾಕಿ, "ಉಪ್ಪು ನೋಡಿ ಸ್ವಾಮಿ" ಅಂತಾರಲ್ಲ, ಅದು ಬೀಟಾ. ಅಡುಗೆ ಮುಗಿದಿದೆ. ಹೊಸ ಪದಾರ್ಥ ಏನೂ ಸೇರಿಸಲ್ಲ. ಆದ್ರೆ ಉಪ್ಪು ಕಡಿಮೆ ಇದ್ರೆ ಸರಿ ಮಾಡೋಕೆ ಇನ್ನೂ ಸಮಯ ಇದೆ. ಎಲೆಗೆ ಬಡಿಸಿ ಆದ್ಮೇಲೆ ಉಪ್ಪು ಇಲ್ಲ ಅಂದ್ರೆ ಏನು ಪ್ರಯೋಜನ?

ಆ ಸಲ ಪಂಕ್ತಿ ಬಹಳ ಉದ್ದ ಇತ್ತು. ಉಬುಂಟು ಆರು ತಿಂಗಳಿಗೊಂದು ಆವೃತ್ತಿ ಬಿಡುತ್ತೆ. ಹೆಸರಿನಲ್ಲೇ ಲೆಕ್ಕ ಇದೆ: 24 ಅಂದ್ರೆ 2024, 04 ಅಂದ್ರೆ ಏಪ್ರಿಲ್. ಇವುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬರೋದಕ್ಕೆ ಎಲ್‌ಟಿಎಸ್ ಅಂತಾರೆ. ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ ಅಂತ ಅರ್ಥ. ಉಳಿದವಕ್ಕೆ ಒಂಬತ್ತು ತಿಂಗಳು ಮಾತ್ರ ಭದ್ರತಾ ಪರಿಷ್ಕರಣೆ ಬಂದರೆ, ಎಲ್‌ಟಿಎಸ್‌ಗೆ ಐದು ವರ್ಷ. ಕಾಲೇಜಿನ ಲ್ಯಾಬು, ಸಣ್ಣ ಕಚೇರಿಗಳು, ಸರ್ವರ್ ನಡೆಸೋರು ಇವರೆಲ್ಲ ಕಾಯೋದು ಎಲ್‌ಟಿಎಸ್‌ಗೇ. ಹಾಗಾಗಿ ಆಗ ಇದರೊಳಗೆ ಉಳಿದು ಹೋದ ಒಂದು ಕಿರಿಕಿರಿ 2029ರ ತನಕ ಯಾರದ್ದೋ ಮೇಜಿನ ಮೇಲೆ ಕೂತಿರಬಹುದು. ಬೀಟಾ ನೋಡೋ ಕೆಲಸಕ್ಕೆ ಆ ಸಲ ತೂಕ ಜಾಸ್ತಿ ಇತ್ತು ಅನ್ನೋದು ಅದಕ್ಕೇ.

ಅರ್ಧ ಸೆಕೆಂಡಿನ ತಡ

ಈಗ ಆ ಒಂದು ವಾರದ ಕಥೆ. ಮಾರ್ಚ್ 29, ಗುಡ್ ಫ್ರೈಡೇ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಒಂದು ಸಾರ್ವಜನಿಕ ಭದ್ರತಾ ಮೇಲ್ ಪಟ್ಟಿಗೆ ಪತ್ರ ಬರೆದರು. ಆಗ ಅವರು ಕೆಲಸ ಮಾಡ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ, ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ತಂತ್ರಾಂಶವನ್ನು ಕಟ್ಟುವವರಲ್ಲಿ ಒಬ್ಬರು. ಭದ್ರತೆ ಅವರ ಕ್ಷೇತ್ರ ಅಲ್ಲವೇ ಅಲ್ಲ. ಅವರು ಡೇಟಾಬೇಸ್ ಎಷ್ಟು ವೇಗವಾಗಿ ಓಡುತ್ತೆ ಅಂತ ಅಳೀತಾ ಇದ್ರು. ಅಳತೆ ಸರಿ ಬರಬೇಕು ಅಂದ್ರೆ ಕಂಪ್ಯೂಟರ್ ಬೇರೆ ಏನೂ ಕೆಲಸ ಮಾಡ್ತಿರಬಾರದು. ಆದ್ರೆ ಎಸ್‌ಎಸ್‌ಎಚ್, ಅಂದ್ರೆ ದೂರದಿಂದ ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗೋಕೆ ಬಳಸುವ ಬಾಗಿಲು, ಸುಮ್ಮಸುಮ್ಮನೆ ಪ್ರೊಸೆಸರನ್ನು ತಿನ್ನುತ್ತಿತ್ತು. ಮುಂಚೆ ಸುಮಾರು 0.3 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಲಾಗಿನ್ ಈಗ 0.8 ಸೆಕೆಂಡ್ ತಗೊಳ್ತಿತ್ತು.

ಅರ್ಧ ಸೆಕೆಂಡ್! ನಾವು ನೀವಾಗಿದ್ರೆ ನೆಟ್ ನಿಧಾನ ಅಂತ ಬೈದು ಸುಮ್ಮನಾಗ್ತಿದ್ವಿ. ಅವರು ಸುಮ್ಮನಾಗಲಿಲ್ಲ. ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಎಕ್ಸ್‌ಝಡ್ ಅನ್ನೋ ಪುಟ್ಟ ತಂತ್ರಾಂಶ. ಫೈಲುಗಳನ್ನು ಒತ್ತಿ ಚಿಕ್ಕದು ಮಾಡೋದು ಅದರ ಕೆಲಸ. ನಮ್ಮ ಜಿಪ್ ಇದೆಯಲ್ಲ, ಅದೇ ಜಾತಿ. ಸಾಮಾನ್ಯವಾಗಿ ಎಲ್ಲ ಲಿನಕ್ಸ್‌ಗಳ ಒಳಗೂ ಇದು ಇರುತ್ತೆ. ಇದರ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಯಾರೋ ಹಿಂಬಾಗಿಲು ಇಟ್ಟಿದ್ದರು. ಗುಟ್ಟಿನ ಕೀಲಿ ಇದ್ದವರು ಆ ಕಂಪ್ಯೂಟರಿನೊಳಗೆ ತಮಗೆ ಬೇಕಾದ ಆದೇಶ ಓಡಿಸಬಹುದಾಗಿತ್ತು.

ಒತ್ತುವ ತಂತ್ರಾಂಶಕ್ಕೂ ಲಾಗಿನ್ ಬಾಗಿಲಿಗೂ ಏನು ಸಂಬಂಧ ಅಂತ ಕೇಳಬಹುದು. ನೇರ ಸಂಬಂಧ ಇಲ್ಲ. ಡೆಬಿಯನ್, ಫೆಡೋರಾ ಮುಂತಾದ ಕೆಲವು ಲಿನಕ್ಸ್‌ಗಳು ಎಸ್‌ಎಸ್‌ಎಚ್ ಜೊತೆ ಸಿಸ್ಟಮ್‌ಡಿ ಅನ್ನೋದರ ಒಂದು ತುಣುಕನ್ನು ಜೋಡಿಸಿರುತ್ತಿದ್ದವು. ಆ ತುಣುಕು ತನ್ನ ಜೊತೆ ಎಕ್ಸ್‌ಝಡ್‌ನ ಲೈಬ್ರರಿಯನ್ನೂ ಎಳೆದು ತರುತ್ತಿತ್ತು. ನೆಂಟರ ಜೊತೆ ಬಂದ ನೆಂಟರ ಹಾಗೆ. ಮುಂಬಾಗಿಲಲ್ಲಿ ಕಾವಲು ಎಷ್ಟೇ ಇದ್ದರೂ, ಮೂರನೆಯವನನ್ನು ಯಾರೂ ಕೇಳಿರಲಿಲ್ಲ.

ಇದನ್ನು ಸೇರಿಸಿದ್ದು 'ಜಿಯಾ ಟಾನ್' ಅನ್ನೋ ಹೆಸರಿನ ಖಾತೆ. ಆ ಹೆಸರಿನ ಹಿಂದೆ ಯಾರಿದ್ದಾರೆ ಅನ್ನೋದು ಬಯಲಾಗಿಲ್ಲ. ಎಕ್ಸ್‌ಝಡ್‌ ಅನ್ನು ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ, ಸಂಬಳ ಇಲ್ಲದೆ ನೋಡಿಕೊಂಡು ಬಂದಿದ್ದವರು ಫಿನ್ಲೆಂಡಿನ ಲಾಸೆ ಕಾಲಿನ್. 2021ರಿಂದ ಜಿಯಾ ಟಾನ್ ಅವರಿಗೆ ಸಣ್ಣಪುಟ್ಟ ಸಹಾಯ ಮಾಡೋಕೆ ಶುರು ಮಾಡಿದ. 2022ರಲ್ಲಿ ಬೇರೆ ಬೇರೆ ಹೆಸರಿನವರು ಬಂದು "ಕೆಲಸ ಸಾಗ್ತಿಲ್ಲ, ಇನ್ನೊಬ್ಬರನ್ನು ಸೇರಿಸಿಕೊಳ್ಳಿ" ಅಂತ ಕಾಲಿನ್ ಮೇಲೆ ಒತ್ತಡ ಹಾಕಿದರು. ಅವರಾಗಲೇ ದಣಿದಿದ್ದರು, ಆರೋಗ್ಯದ ತೊಂದರೆಯನ್ನೂ ಹೇಳಿಕೊಂಡಿದ್ದರು. ಕೊನೆಗೆ ಜಿಯಾ ಟಾನ್ ಕೈಗೂ ಬೀಗದ ಕೈ ಬಂತು. ಎರಡು ವರ್ಷಕ್ಕೂ ಮೀರಿ ನಂಬಿಕೆ ಗಳಿಸಿ, ಆಮೇಲೆ ಬೆನ್ನಿಗೆ ಚೂರಿ. ಹೊಟ್ಟೆ ಉರಿಯೋದು ಇಲ್ಲೇ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಬಳಸುವ ಒಂದು ಸಾಮಗ್ರಿಗೆ ಒಬ್ಬನೇ ಒಬ್ಬ ಕಾವಲುಗಾರ, ಅದೂ ಪುಕ್ಕಟೆ.

ಹಿಂಬಾಗಿಲಿನ ಮೊದಲ ಆವೃತ್ತಿ ಬಂದಿದ್ದು ಫೆಬ್ರವರಿ 24ಕ್ಕೆ. ಸಿಕ್ಕಿಬಿದ್ದಿದ್ದು ಮಾರ್ಚ್ 29ಕ್ಕೆ. ಅಷ್ಟರಲ್ಲಿ ಅದು ಎಲ್ಲಿಗೆ ತಲುಪಿತ್ತು ಅನ್ನೋದೇ ನಮ್ಮ ಇವತ್ತಿನ ವಿಷಯಕ್ಕೆ ಮುಖ್ಯ. ಜನ ದಿನಾ ಬಳಸುತ್ತಿದ್ದ ಡೆಬಿಯನ್ ಸ್ಟೇಬಲ್ ಆಗಲಿ, ಉಬುಂಟು 22.04, 23.10 ಆಗಲಿ ಅದರ ಬಾಯಿಗೆ ಸಿಗಲಿಲ್ಲ. ಸಿಕ್ಕಿದ್ದು ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೆ ಮತ್ತು ಫೆಡೋರಾದ ರಾಹೈಡ್‌ಗೆ. ಫೆಡೋರಾ 40ರ ಬೀಟಾದೊಳಗೂ ಆ 5.6.0 ಸೇರಿಕೊಂಡಿತ್ತು. ಫ್ರಾಯಿಂಡ್ ಕೂಡ ಅದನ್ನು ಕಂಡಿದ್ದು ಡೆಬಿಯನ್‌ನ ಅಸ್ಥಿರ ಶಾಖೆಯಾದ ಸಿಡ್‌ನಲ್ಲಿ. ಅಂದ್ರೆ ಸಾರು ಇನ್ನೂ ಅಡುಗೆ ಮನೇಲಿ ಇದ್ದಾಗಲೇ ಒಬ್ಬರ ನಾಲಿಗೆಗೆ ಏನೋ ಸರಿಯಿಲ್ಲ ಅನ್ನಿಸ್ತು.

ಉಬುಂಟು ಕಟ್ಟುವ ಕೆನಾನಿಕಲ್ ಕಂಪನಿ ಆಗ ಒಂದು ತೀರ್ಮಾನ ತಗೊಂಡಿತು. ಎಕ್ಸ್‌ಝಡ್‌ನ ಆ ಕೋಡ್ ಸೇರಿದ ಫೆಬ್ರವರಿ 26ರ ನಂತರ 24.04ಕ್ಕಾಗಿ ಕಟ್ಟಿದ್ದ ಪ್ಯಾಕೇಜುಗಳನ್ನೆಲ್ಲ ತೆಗೆದು, ಮೊದಲಿನಿಂದ ಮತ್ತೆ ಕಟ್ಟೋದು. ಕಲಬೆರಕೆ ಎಣ್ಣೆ ಡಬ್ಬ ಅಡುಗೆ ಮನೆಗೆ ಬಂದಿತ್ತು ಅಂತ ಗೊತ್ತಾದ ಮೇಲೆ, ಯಾವ ಪಾತ್ರೆಗೆ ತಾಗಿತ್ತೋ ಇಲ್ಲವೋ, ಎಲ್ಲವನ್ನೂ ತೊಳೆದು ಹೊಸದಾಗಿ ಒಲೆ ಹಚ್ಚಿದ ಹಾಗೆ. ಆ ಒಂದು ವಾರ ಹೋಗಿದ್ದು ಅದಕ್ಕೆ. ನನ್ನ ಕೇಳಿದ್ರೆ ಇದು ಸರಿಯಾದ ತಡ.

ಆದ್ರೆ ಈ ಕಥೆಗೆ ಇನ್ನೊಂದು ಮುಖ ಇದೆ, ಅದನ್ನು ಮರೀಬೇಡಿ. ವಿಷ ಮೊದಲು ತಲುಪಿದ್ದು ರುಚಿ ನೋಡೋರ ನಾಲಿಗೆಗೇ. ಪರೀಕ್ಷಾರ್ಥ ಆವೃತ್ತಿ ಬಳಸೋದು ಅಂದ್ರೆ ಆ ಅಪಾಯಕ್ಕೂ ಸಹಿ ಹಾಕಿದ ಹಾಗೆ. ಬೀಟಾದಲ್ಲಿ ಬ್ಯಾಂಕ್ ಖಾತೆ ತೆಗೀಬೇಡಿ, ಕಚೇರಿ ಮೇಲ್‌ಗೆ ಲಾಗಿನ್ ಆಗಬೇಡಿ. ಒಂದು ಹೊಸ ಪಾಸ್‌ವರ್ಡ್, ಒಂದಷ್ಟು ಉಪಯೋಗಕ್ಕೆ ಬಾರದ ಫೈಲು, ಅಷ್ಟು ಸಾಕು.

ಓದುಗರಿಲ್ಲದ ಅನುವಾದ

ಇನ್ನೊಂದು ಘಟನೆ, ಇದು ಅದಕ್ಕೂ ಆರು ತಿಂಗಳ ಹಿಂದಿನದು. ಎಕ್ಸ್‌ಝಡ್ ಅಷ್ಟು ಸುದ್ದಿ ಮಾಡಲಿಲ್ಲ, ಆದ್ರೆ ಕನ್ನಡಿಗರಿಗೆ ಇದು ಹೆಚ್ಚು ಹತ್ತಿರ. 2023ರ ಅಕ್ಟೋಬರ್ 12ಕ್ಕೆ ಉಬುಂಟು 23.10 ಬಿಡುಗಡೆಯಾಯ್ತು. ಕೆಲವೇ ಗಂಟೆಗಳಲ್ಲಿ ಡೆಸ್ಕ್‌ಟಾಪ್ ಆವೃತ್ತಿಯನ್ನು ವಾಪಸ್ ತೆಗೆಯಬೇಕಾಯ್ತು. ಕಾರಣ, ಅನುಸ್ಥಾಪನಾ ತಂತ್ರಾಂಶದ, ಅಂದ್ರೆ ಇನ್‌ಸ್ಟಾಲರ್‌ನ, ಉಕ್ರೇನಿ ಭಾಷೆಯ ಅನುವಾದದಲ್ಲಿ ಯಾರೋ ದ್ವೇಷದ ಮಾತುಗಳನ್ನು ತುಂಬಿದ್ದರು. ಅನುವಾದ ಬಂದಿದ್ದು ಯಾರು ಬೇಕಾದರೂ ಸೇರಬಹುದಾದ ಹೊರಗಿನ ಒಂದು ಸಾಧನದ ಮೂಲಕ.

ಅದಕ್ಕೂ ಮುಂಚೆ ಆ ಆವೃತ್ತಿಗೂ ಬೀಟಾ ಬಂದಿತ್ತು. ಎಷ್ಟೋ ಜನ ಹಾಕಿ ನೋಡಿದ್ದರು. ಆದ್ರೆ ಭಾಷೆಯ ಪಟ್ಟಿಯಲ್ಲಿ ಉಕ್ರೇನಿ ಆರಿಸಿ, ಒಂದೊಂದೇ ಪರದೆ ಓದಿ, "ಇದೇನಿದು?" ಅಂತ ಸಮಯಕ್ಕೆ ಸರಿಯಾಗಿ ಕೂಗು ಹಾಕಿದವರು ಇರಲಿಲ್ಲ. ಬಿಡುಗಡೆ ಆದ ಮೇಲೆ ಉಕ್ರೇನಿ ಬಲ್ಲವರು ಕಂಡರು, ಆಗ ಗಲಾಟೆಯಾಯ್ತು.

ಕನ್ನಡದಲ್ಲಿ ಅಂಥದ್ದು ಆಗಿದೆ ಅಂತ ನಾನು ಹೇಳ್ತಿಲ್ಲ. ಕನ್ನಡದ ಕಷ್ಟ ಬೇರೆ ಥರದ್ದು. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಕನ್ನಡ ಅನುವಾದ ಇದೆ, ಆದ್ರೆ ಪೂರ್ತಿ ಆಗಿಲ್ಲ. ಒಂದು ಮೆನು ಕನ್ನಡದಲ್ಲಿದ್ರೆ ಪಕ್ಕದ್ದು ಇಂಗ್ಲಿಷಿನಲ್ಲಿ. ಲಂಡನ್ನಿನಲ್ಲೋ ತೈಪೆಯಲ್ಲೋ ಕೂತ ಎಂಜಿನಿಯರಿಗೆ ಇದು ಕಾಣಲ್ಲ. ಕಂಡರೂ ಒತ್ತಕ್ಷರ ತಪ್ಪಿದೆಯಾ ಇಲ್ಲವಾ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? 'ಶಾಸ್ತ್ರ' ಅನ್ನೋದು 'ಶಾಸ್‌ತ್‌ರ' ಅಂತ ಒಡೆದು ಕಂಡರೂ ಅವರ ಕಣ್ಣಿಗೆ ಎರಡೂ ಒಂದೇ. ವೈಫೈ ಹಿಡೀತಿಲ್ಲ ಅಂತ ದೂರು ಕೊಡೋಕೆ ಜಗತ್ತಿನ ತುಂಬ ಜನ ಇದ್ದಾರೆ. ಕನ್ನಡದ ಅರ್ಕಾವೊತ್ತು ತಪ್ಪಿದೆ ಅಂತ ದೂರು ಕೊಡೋಕೆ ನಾವೇ ಆಗಬೇಕು.

ಹಾಕಿ ನೋಡೋದು ಹೇಗೆ?

ಸರಿ, ಕೈಗೆ ಕೆಲಸ ಕೊಡೋಣ. ಒಂದೇ ಒಂದು ಲ್ಯಾಪ್‌ಟಾಪ್ ಇದೆ, ಅದರಲ್ಲೇ ಮಗಳ ಪ್ರಾಜೆಕ್ಟು, ಮನೆಯ ಲೆಕ್ಕ ಎಲ್ಲ ಇದೆ ಅನ್ನೋರು ಬೀಟಾವನ್ನು ಅದರ ಡಿಸ್ಕಿಗೆ ಹಾಕಬೇಡಿ. ಹಾಕದೆಯೂ ನೋಡಬಹುದು. ಉಬುಂಟುವನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು, ಡಿಸ್ಕನ್ನು ಮುಟ್ಟಲ್ಲ. ಇದಕ್ಕೆ ಲೈವ್ ಅಂತಾರೆ. ಹೆಚ್ಚಿನವರಿಗೆ ನಾನು ಹೇಳೋದು ಇಷ್ಟೇ ಮಾಡಿ ಸಾಕು ಅಂತ.

ಉಬುಂಟುವಿನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. 5 ಜಿಬಿಗಿಂತ ದೊಡ್ಡದು, ಮೊಬೈಲ್ ಡೇಟಾದಲ್ಲಿ ಕೈ ಹಾಕೋ ಮುಂಚೆ ಇವತ್ತಿನ ಕೋಟಾ ನೋಡ್ಕೊಳ್ಳಿ. ಇಳಿದ ಮೇಲೆ ಚೆಕ್‌ಸಮ್ ತಾಳೆ ನೋಡಿ. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ. ತಾಣದಲ್ಲಿ ಎಸ್‌ಎಚ್‌ಎ 256 ಅಂತ ಒಂದು ಉದ್ದನೆಯ ಸಾಲು ಕೊಟ್ಟಿರುತ್ತಾರೆ, ನಿಮ್ಮ ಫೈಲಿನದ್ದೂ ಅದೇ ಬರಬೇಕು. ಎಕ್ಸ್‌ಝಡ್ ಕಥೆ ಕೇಳಿದ ಮೇಲೂ ಈ ಹೆಜ್ಜೆ ಬಿಟ್ಟರೆ ಹೇಗೆ? ಹಾಗಂತ ಬೆರಳಚ್ಚು ಹೇಳೋದು 'ಇದು ಅವರು ಕೊಟ್ಟ ಫೈಲೇ' ಅಂತ ಮಾತ್ರ. ಅವರು ಕೊಟ್ಟಿದ್ದರಲ್ಲೇ ದೋಷ ಇದ್ದರೆ ಅದು ಹೇಳಲ್ಲ.

ಆಮೇಲೆ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವಿಗೆ ಅದನ್ನು ಬರೆಯಬೇಕು. ಸುಮ್ಮನೆ ಕಾಪಿ ಮಾಡಿದ್ರೆ ಆಗಲ್ಲ. ವಿಂಡೋಸ್‌ನಲ್ಲಿ ರೂಫಸ್, ಎಲ್ಲ ಕಡೆಯೂ ಎಚರ್ ಅನ್ನೋ ಸಾಧನಗಳಿವೆ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತೆ, ಹಾಗಾಗಿ ಮದುವೆ ಫೋಟೋ ಇರೋ ಡ್ರೈವ್ ಬೇಡ. ಕಂಪ್ಯೂಟರ್ ಶುರುವಾಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದ್ರೆ ಯಾವುದರಿಂದ ಶುರು ಮಾಡಲಿ ಅಂತ ಕೇಳುತ್ತೆ. ಕೀಲಿ ಲ್ಯಾಪ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಬೇರೆ.

ಇಲ್ಲಿ ಒಂದು ಎಚ್ಚರಿಕೆ. ಈಗಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ನಮಗೆ ಗೊತ್ತಿಲ್ಲದೆಯೇ ಚಾಲೂ ಇರುತ್ತೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಮುಂತಾದದ್ದನ್ನು ಬದಲಾಯಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತೆ. ಮೊದಲೇ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಉಬುಂಟು ಸೆಕ್ಯೂರ್ ಬೂಟ್ ಇದ್ದರೂ ಓಡುತ್ತೆ, ಅದನ್ನು ಆಫ್ ಮಾಡೋ ಅಗತ್ಯ ಸಾಮಾನ್ಯವಾಗಿ ಬರಲ್ಲ.

ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿ ನೋಡಬಹುದಲ್ವಾ ಅಂತ ಕೇಳೋರಿದ್ದಾರೆ. ನೋಡಬಹುದು, ಎಲ್ಲಕ್ಕಿಂತ ಸುರಕ್ಷಿತ ದಾರಿ ಅದು. ಕನ್ನಡ ಟೈಪಿಂಗ್, ಫಾಂಟು, ಅನುವಾದ ಪರೀಕ್ಷಿಸೋಕೆ ಅದೇ ಸಾಕು. ಆದ್ರೆ ವೈಫೈ, ಧ್ವನಿ, ಬ್ಲೂಟೂತ್, ಮುಚ್ಚಳ ಮುಚ್ಚಿ ತೆಗೆದಾಗ ಲ್ಯಾಪ್‌ಟಾಪ್ ಎಚ್ಚರ ಆಗುತ್ತಾ, ಇದೆಲ್ಲ ಅಲ್ಲಿ ಗೊತ್ತಾಗಲ್ಲ. ಇವು ನಿಜವಾದ ಯಂತ್ರದ ಮೇಲೇ ನೋಡಬೇಕಾದ್ದು. ಲೈವ್‌ನಲ್ಲಿ ಹತ್ತು ನಿಮಿಷ ಇದ್ದು, ಒಂದು ಹಾಡು ಹಾಕಿ, ಮುಚ್ಚಳ ಮುಚ್ಚಿ, ಕಾಫಿ ಕುಡಿದು ಬಂದು ತೆಗೆದು ನೋಡಿ. ಅರ್ಧ ಸಮಸ್ಯೆಗಳು ಅಲ್ಲೇ ಬಯಲಾಗ್ತವೆ.

ಹಳೇ ಲ್ಯಾಪ್‌ಟಾಪ್ ಅಟ್ಟದ ಮೇಲೆ ಇದ್ದವರು ಪೂರ್ತಿ ಹಾಕಿಕೊಳ್ಳಿ. 24.04ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 25 ಜಿಬಿ ಜಾಗ ಬೇಕು. ಹಾಕುವಾಗ ಸಾಧಾರಣವಾಗಿ ಆಯ್ಕೆಯಾಗಿರೋದು ಬ್ರೌಸರ್ ಮತ್ತು ತೀರಾ ಅಗತ್ಯದ ಸಾಧನಗಳಿರುವ ಚಿಕ್ಕ ಕಂತೆ. ಲಿಬ್ರೆಆಫೀಸ್ ಬೇಕಂದ್ರೆ ವಿಸ್ತೃತ ಆಯ್ಕೆ ಒತ್ತಬೇಕು. ಇನ್ನೊಂದು ಅನುಕೂಲ, ಬೀಟಾ ಹಾಕಿಕೊಂಡವರು ಬಿಡುಗಡೆಯ ನಂತರ ಮತ್ತೆ ಹಾಕಬೇಕಿಲ್ಲ. ಬರೋ ಪರಿಷ್ಕರಣೆಗಳನ್ನೆಲ್ಲ ತಗೊಳ್ತಾ ಹೋದ್ರೆ ಅದೇ ಪೂರ್ಣ ಆವೃತ್ತಿ ಆಗುತ್ತೆ.

ಹೊಸದೇನಿದೆ ಅನ್ನೋದನ್ನು ಬೇಗ ಹೇಳಿ ಮುಗಿಸ್ತೀನಿ. ಲಿನಕ್ಸ್ ಕರ್ನೆಲ್ 6.8, ಡೆಸ್ಕ್‌ಟಾಪ್ ಗ್ನೋಮ್ 46. ಈ ಗ್ನೋಮ್‌ಗೆ ಇಟ್ಟ ಹೆಸರು ಕಠ್ಮಂಡು, 2023ರಲ್ಲಿ ಅವರ ಏಷ್ಯಾ ಸಮ್ಮೇಳನ ಅಲ್ಲಿ ನಡೆದಿತ್ತು ಅಂತ. ಉಬುಂಟು 24.04ರ ಅಡ್ಡಹೆಸರು ನೋಬಲ್ ನಂಬ್ಯಾಟ್. ನಂಬ್ಯಾಟ್ ಅನ್ನೋದು ಆಸ್ಟ್ರೇಲಿಯಾದ ಗೆದ್ದಲು ತಿನ್ನೋ ಪುಟ್ಟ ಪ್ರಾಣಿ. ಹುಳ ಹೆಕ್ಕಬೇಕಾದ ಸಮಯದಲ್ಲಿ ಒಳ್ಳೆ ಹೆಸರು ಸಿಕ್ಕಿತ್ತು. 22.04ರಿಂದ ಬರೋರಿಗೆ ಇನ್‌ಸ್ಟಾಲರ್ ಹೊಸದಾಗಿ ಕಾಣುತ್ತೆ, ತಂತ್ರಾಂಶ ಅಂಗಡಿಯೂ ಹೊಸದು. ಥಂಡರ್‌ಬರ್ಡ್ ಮೇಲ್ ತಂತ್ರಾಂಶ ಈಗ ಸ್ನ್ಯಾಪ್ ರೂಪದಲ್ಲಿ ಬರುತ್ತೆ, ಫೈರ್‌ಫಾಕ್ಸ್ ಮೊದಲೇ ಹಾಗಿತ್ತು. ಸ್ನ್ಯಾಪ್ ಅಂದ್ರೆ ತನಗೆ ಬೇಕಾದ ಸಾಮಾನನ್ನೆಲ್ಲ ತಾನೇ ಹೊತ್ತು, ಬೇಲಿಯೊಳಗೆ ಓಡೋ ತಂತ್ರಾಂಶ. ನನಗೆ ಅದು ಅಷ್ಟಾಗಿ ಇಷ್ಟ ಇಲ್ಲ. ಭದ್ರತೆಗೆ ಒಳ್ಳೇದು, ಮೊದಲ ಸಲ ತೆರೆಯೋಕೆ ನಿಧಾನ. ಆದ್ರೆ ಅದನ್ನು ಇಲ್ಲಿ ಹೇಳಿದ್ದಕ್ಕೆ ಬೇರೆ ಕಾರಣ ಇದೆ.

ಕನ್ನಡದ ಪರೀಕ್ಷೆ

ಬೇಲಿಯೊಳಗೆ ಓಡುವ ತಂತ್ರಾಂಶ ಮತ್ತು ಹೊರಗೆ ಓಡುವ ತಂತ್ರಾಂಶ ಫಾಂಟನ್ನೂ ಕೀಲಿಮಣೆಯನ್ನೂ ಬೇರೆ ಬೇರೆ ದಾರಿಯಲ್ಲಿ ಮುಟ್ಟುತ್ತವೆ. ಹಾಗಾಗಿ ಒಂದು ಕಡೆ ಕನ್ನಡ ಚೆನ್ನಾಗಿ ಬಂತು ಅಂದ್ರೆ ಎಲ್ಲ ಕಡೆ ಬಂತು ಅಂತ ಅಲ್ಲ. ಫೈರ್‌ಫಾಕ್ಸ್‌ನಲ್ಲಿ ಒಂದು ಸಲ, ಲಿಬ್ರೆಆಫೀಸ್‌ನಲ್ಲಿ ಒಂದು ಸಲ, ಸಾದಾ ಪಠ್ಯ ಬರೆಯೋ ತಂತ್ರಾಂಶದಲ್ಲಿ ಒಂದು ಸಲ, ಫೈಲಿಗೆ ಹೆಸರಿಡುವಾಗ ಒಂದು ಸಲ ನೋಡಲೇಬೇಕು.

ಕೀಲಿಮಣೆ ಸೇರಿಸೋದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅಲ್ಲಿ ಇನ್‌ಪುಟ್ ಸೋರ್ಸಸ್, ಅಲ್ಲಿ ಕನ್ನಡ. ನಮ್ಮಲ್ಲಿ ನುಡಿ ಬಳಸಿ ಕೈ ಪಳಗಿದವರೇ ಜಾಸ್ತಿ. ನುಡಿಯ ವಿನ್ಯಾಸ, ಅಂದ್ರೆ ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರಲ್ಲಿ ಕಗಪ ಅಂತ ಕರೆಯೋದು, ಲಿನಕ್ಸ್‌ನಲ್ಲಿ ಬೇರೆ ಏನೂ ಹಾಕಿಕೊಳ್ಳದೆಯೇ ಸಿಗುತ್ತೆ. ಪಟ್ಟಿಯಲ್ಲಿ 'ಕನ್ನಡ ಕಗಪ, ಫೊನೆಟಿಕ್' ಅಂತ ಇರೋದೇ ಅದು. ಇನ್‌ಸ್ಕ್ರಿಪ್ಟ್ ರೂಢಿ ಇರೋರಿಗೆ ಅದೂ ಇದೆ. ಸೂಪರ್ ಕೀಲಿ ಮತ್ತು ಸ್ಪೇಸ್ ಒತ್ತಿದ್ರೆ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟುತ್ತೆ. ಕನ್ನಡದಲ್ಲಿ ಇದ್ದಾಗಲೇ ಪರದೆಗೆ ಬೀಗ ಬಿದ್ದರೆ ಪಾಸ್‌ವರ್ಡ್ ಹಾಕುವಾಗ ಯಾವ ಕೀಲಿಮಣೆ ಇದೆ ಅಂತ ಮೇಲಿನ ಮೂಲೆ ನೋಡಿ. ಸರಿಯಾದ ಪಾಸ್‌ವರ್ಡನ್ನೇ ಹತ್ತು ಸಲ ಹೊಡೆದು ಒದ್ದಾಡೋರನ್ನು ನೋಡಿದ್ದೀನಿ.

ಏನು ಟೈಪ್ ಮಾಡಬೇಕು? 'ನಾನು ಕನ್ನಡಿಗ' ಅಂತ ಬರೆದು ಸಂತೋಷಪಟ್ಟರೆ ಸಾಲದು, ಅದು ಎಲ್ಲಾದ್ರೂ ಸರಿಯಾಗೇ ಬರುತ್ತೆ. ಕಷ್ಟದ ಪದ ಕೊಡಿ. ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ವೈಶಿಷ್ಟ್ಯ, ಸ್ವಾತಂತ್ರ್ಯ. ಇವುಗಳಲ್ಲಿ ಒತ್ತಿನ ಕೆಳಗೆ ಒತ್ತು ಬರುತ್ತೆ, ಮೇಲಿನ ಸಾಲಿಗೆ ಕೆಳಗಿನ ಸಾಲು ತಾಗುತ್ತಾ, ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗುತ್ತಾ ನೋಡಿ. ಮೆನು ಮತ್ತು ಬಟನ್‌ಗಳಲ್ಲಿ ಇದನ್ನು ಮುಖ್ಯವಾಗಿ ನೋಡಿ, ಯಾಕಂದ್ರೆ ಅವುಗಳ ಎತ್ತರ ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿ. ಆಮೇಲೆ 'ಸೂರ್ಯ' ಮತ್ತು 'ರ‍್ಯಾಂಕ್' ಪಕ್ಕಪಕ್ಕ ಬರೆಯಿರಿ. ಎರಡರಲ್ಲೂ ರಕಾರಕ್ಕೆ ಯಕಾರ ಸೇರಿದೆ. ಮೊದಲನೆಯದಕ್ಕೆ ಅರ್ಕಾವೊತ್ತು ಬರಬೇಕು, ಎರಡನೆಯದಕ್ಕೆ ರಕಾರ ಪೂರ್ತಿ ನಿಂತು ಯಒತ್ತು ಬರಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಇರುತ್ತೆ. ಆ ಜೋಡಕ ಕಾಪಿ ಪೇಸ್ಟ್ ಮಾಡುವಾಗ ಉಳಿಯುತ್ತಾ, ಫೈಲ್ ಉಳಿಸಿ ಮತ್ತೆ ತೆರೆದಾಗ ಇರುತ್ತಾ ಅನ್ನೋದೇ ನಿಜವಾದ ಪರೀಕ್ಷೆ.

ಬ್ಯಾಕ್‌ಸ್ಪೇಸ್ ಒತ್ತಿದಾಗ ಏನು ಅಳಿಯುತ್ತೆ ನೋಡಿ, ಒಂದು ಒತ್ತೋ ಇಡೀ ಅಕ್ಷರವೋ. ಕರ್ಸರ್ ಅಕ್ಷರದ ನಡುವೆ ಸಿಕ್ಕಿಕೊಳ್ಳುತ್ತಾ ನೋಡಿ. ಬರೆದದ್ದನ್ನು ಪಿಡಿಎಫ್ ಮಾಡಿ, ಆ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ. ಅಕ್ಷರಗಳು ಚೆಲ್ಲಾಪಿಲ್ಲಿ ಆಗೋದು ಹೆಚ್ಚಾಗಿ ಇಲ್ಲೇ. ಒಂದು ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟು, ಹುಡುಕುವ ಪೆಟ್ಟಿಗೆಯಲ್ಲಿ ಆ ಹೆಸರು ಹೊಡೆದು ನೋಡಿ. ಟರ್ಮಿನಲ್‌ನಲ್ಲಿ ಮಾತ್ರ ಕನ್ನಡದ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ, ನಮ್ಮ ಒತ್ತಕ್ಷರಗಳಿಗೆ ಆ ಚೌಕ ಹೊಂದಲ್ಲ. ಅದು ಈ ಬೀಟಾದ ತಪ್ಪಲ್ಲ, ಹಳೇ ಕಾಯಿಲೆ.

ಫಾಂಟಿನ ವಿಷಯಕ್ಕೆ ಬಂದ್ರೆ ಲೋಹಿತ್, ನವಿಲು, ಗುಬ್ಬಿ ಅನ್ನೋ ಮುಕ್ತ ಕನ್ನಡ ಫಾಂಟುಗಳು ಉಬುಂಟುವಿನ ಭಂಡಾರದಲ್ಲೇ ಇವೆ, ನೋಟೋ ಕೂಡ ಇದೆ. ಆದ್ರೆ ನಿಮ್ಮ ಹಳೇ ಕಡತಗಳು ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿದ್ರೆ ಇಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣ್ತವೆ. ಉಬುಂಟುವನ್ನು ಬೈಯಬೇಡಿ. ಆ ಕಡತದಲ್ಲಿ ಇರೋದೇ ಕನ್ನಡ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ತಪ್ಪು ಸಿಕ್ಕರೆ ಯಾರಿಗೆ ಹೇಳೋದು?

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ "ಕನ್ನಡಕ್ಕೆ ಬೆಲೆ ಇಲ್ಲ" ಅಂದ್ರೆ ಸರಿ ಮಾಡಬೇಕಾದವರಿಗೆ ತಲುಪಲ್ಲ. ಉಬುಂಟುವಿನ ದೂರು ಪುಸ್ತಕ ಲಾಂಚ್‌ಪ್ಯಾಡ್ ಅನ್ನೋ ತಾಣ. ಟರ್ಮಿನಲ್ ತೆರೆದು 'ಉಬುಂಟು-ಬಗ್' ಅನ್ನೋ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪಕ್ಕದಲ್ಲಿ ತೊಂದರೆ ಕೊಟ್ಟ ಪ್ಯಾಕೇಜಿನ ಹೆಸರು ಕೊಟ್ಟರೆ, ಯಂತ್ರದ ವಿವರಗಳನ್ನು ಅದೇ ಕೂಡಿಸಿ ತಾಣಕ್ಕೆ ಕರ್ಕೊಂಡು ಹೋಗುತ್ತೆ. ಅದೇ ತಪ್ಪನ್ನು ಇನ್ನೊಬ್ಬರು ಆಗಲೇ ಬರೆದಿದ್ದರೆ ಹೊಸದು ಬರೀಬೇಡಿ, "ನನಗೂ ಹೀಗೇ ಆಗ್ತಿದೆ" ಅನ್ನೋ ಗುಂಡಿ ಒತ್ತಿ. ಎಷ್ಟು ಜನ ಒತ್ತಿದ್ದಾರೆ ಅನ್ನೋದನ್ನು ಅವರು ನೋಡ್ತಾರೆ.

ದೂರು ಇಂಗ್ಲಿಷಿನಲ್ಲೇ ಬರೀಬೇಕು, ಆದ್ರೆ ಪಾಂಡಿತ್ಯ ಬೇಡ. ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು, ಈ ಮೂರು ಇರಲಿ. ಕನ್ನಡದ ತಪ್ಪಾದ್ರೆ ಎರಡು ಚಿತ್ರ ಲಗತ್ತಿಸಿ, ಒಂದು ತಪ್ಪಾಗಿ ಕಂಡದ್ದು, ಇನ್ನೊಂದು ಸರಿಯಾಗಿ ಹೇಗಿರಬೇಕು ಅನ್ನೋದು. ಜೊತೆಗೆ ಆ ಪದವನ್ನು ಪಠ್ಯವಾಗಿಯೂ ಅಂಟಿಸಿ, ಚಿತ್ರದಿಂದ ಅವರು ಪದ ಎತ್ತಿಕೊಳ್ಳೋಕೆ ಆಗಲ್ಲ. "ಕನ್ನಡ ಸರಿ ಕಾಣಲ್ಲ" ಅಂತ ಒಂದು ಸಾಲು ಬರೆದರೆ, ಕನ್ನಡ ಗೊತ್ತಿಲ್ಲದ ಒಬ್ಬ ಎಂಜಿನಿಯರ್ ಅದನ್ನು ನೋಡಿ ತಲೆ ಕೆರ್ಕೊಂಡು ಪಕ್ಕಕ್ಕೆ ಇಡ್ತಾರೆ, ಅಷ್ಟೇ. ಇನ್ನೊಂದು, ದೂರು ಸಾಮಾನ್ಯವಾಗಿ ಸಾರ್ವಜನಿಕ. ಚಿತ್ರದಲ್ಲಿ ನಿಮ್ಮ ಮೇಲ್, ಫೋನ್ ನಂಬರ್ ಕಾಣ್ತಿದ್ರೆ ಮುಚ್ಚಿ.

ಕೊಟ್ಟ ದೂರೆಲ್ಲ ಬಿಡುಗಡೆಯೊಳಗೆ ಸರಿಹೋಗುತ್ತೆ ಅಂತ ಕಾಯಬೇಡಿ. ಬಿಡುಗಡೆಗೆ ಒಂದು ವಾರ ಇರುವಾಗ ಗಂಭೀರ ದೋಷ ಬಿಟ್ಟು ಬೇರೆ ಏನನ್ನೂ ಮುಟ್ಟಲ್ಲ. ಉಳಿದದ್ದು ಆಮೇಲಿನ ಪರಿಷ್ಕರಣೆಗಳಿಗೆ ಹೋಗುತ್ತೆ. 24.04.1 ಅನ್ನೋ ಮೊದಲ ತಿದ್ದಿದ ಕಂತೆ 2024ರ ಆಗಸ್ಟ್‌ನಲ್ಲಿ ಬಂತು. 22.04 ಬಳಸ್ತಿದ್ದೋರಿಗೆ ಮೇಲೇರಿ ಅಂತ ತಾನಾಗಿ ಸೂಚನೆ ಬರಬೇಕಾಗಿದ್ದೂ ಅದರ ಜೊತೆಗೇ. ಕಚೇರಿ, ಲ್ಯಾಬು ನಡೆಸೋರು ಅಂಥ ಮೊದಲ ತಿದ್ದಿದ ಕಂತೆಯ ತನಕ ಕಾಯೋದೇ ಜಾಣತನ. ಅವರು ಕಾಯುವಷ್ಟರಲ್ಲಿ ನಮ್ಮ ನಿಮ್ಮ ದೂರುಗಳಿಗೆ ಸಾಲಿನಲ್ಲಿ ಜಾಗ ಸಿಕ್ಕಿರಬೇಕು. ಅದಕ್ಕೆ ಬೇಕಿರೋದು ಒಂದು ವಾರಾಂತ್ಯದ ಎರಡು ಗಂಟೆ, ಒಂದು ಪೆನ್‌ಡ್ರೈವ್, ಮತ್ತೆ ನಾನು ಮೇಲೆ ಕೊಟ್ಟ ಆ ಏಳೆಂಟು ಪದಗಳು.

ಹಾಕಿ ನೋಡಿದವರು ಯಾವ ತಂತ್ರಾಂಶದಲ್ಲಿ ಯಾವ ಪದ ಕೈಕೊಟ್ಟಿತು ಅಂತ ನಮಗೂ ಬರೆದು ಕಳಿಸಿ, ಮುಂದಿನ ಕಂತಿನಲ್ಲಿ ಓದ್ತೀನಿ.